ರೂಪಾಯಿ ಅಗ್ಗವಾದರೆ ಪ್ರವಾಸಿಗರು ಬರುತ್ತಾರೆಯೇ? ಶ್ರೀಲಂಕಾದ ಲೆಕ್ಕ

ಡಾಲರ್ ಎದುರು ರೂಪಾಯಿ ಕುಸಿದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಸಮಾಧಾನದ ಮಾತೂ ಬರುತ್ತದೆ. ಪೆಟ್ರೋಲು, ಅಡುಗೆ ಎಣ್ಣೆ ತುಟ್ಟಿಯಾಗುವುದು ನಿಜ, ಆದರೆ ರಫ್ತುದಾರರಿಗೆ ಅನುಕೂಲ. ವಿದೇಶಿಯರ ಕೈಯಲ್ಲಿರುವ ಡಾಲರಿಗೆ ನಮ್ಮಲ್ಲಿ ಹೆಚ್ಚು ರೂಪಾಯಿ ಸಿಗುವುದರಿಂದ ಪ್ರವಾಸಿಗರು ಹೆಚ್ಚಾಗಿ ಬರುತ್ತಾರೆ, ಹೋಟೆಲು, ಟ್ಯಾಕ್ಸಿ, ಗೈಡುಗಳಿಗೆ ದುಡಿಮೆ ಸಿಗುತ್ತದೆ, ಒಟ್ಟಿನಲ್ಲಿ ದೇಶದ ಬೆಳವಣಿಗೆಗೆ ಒಳ್ಳೆಯದೇ ಎಂಬುದು ಆ ಮಾತು. ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಪಾಠ ಹೇಳುವ ನನಗೆ ಈ ವಾದ ಪಠ್ಯಪುಸ್ತಕದಿಂದಲೇ ಪರಿಚಿತ. ಅದರ ತರ್ಕದಲ್ಲಿ ತಪ್ಪಿಲ್ಲ. ಆದರೆ ನೆರೆಯ ಶ್ರೀಲಂಕಾದಲ್ಲಿ 2018ರಿಂದ 2024ರವರೆಗೆ ನಡೆದದ್ದನ್ನು ವಿನಿಮಯ ದರದ ಏರಿಳಿತದ ಪಕ್ಕದಲ್ಲಿಟ್ಟು ನೋಡಿದರೆ, ಘಟನೆಗಳು ಈ ವಾದ ಹೇಳುವ ಕ್ರಮದಲ್ಲಿ ನಡೆಯಲಿಲ್ಲ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಅಲ್ಲಿನ ರೂಪಾಯಿ ಪಾತಾಳಕ್ಕಿಳಿದ ತಿಂಗಳುಗಳಲ್ಲಿ ಪ್ರವಾಸಿಗರು ಬರಲಿಲ್ಲ. ರೂಪಾಯಿ ಚೇತರಿಸಿಕೊಂಡು ಬಲಗೊಳ್ಳುತ್ತಿದ್ದ ವರ್ಷಗಳಲ್ಲಿ ಬಂದರು. ಏಕೆ ಹೀಗಾಯಿತು ಎಂಬುದನ್ನು ಬಿಡಿಸಿ ನೋಡುವುದು ನಮಗೂ ಅಗತ್ಯ ಎಂದು ನನಗೆ ಅನಿಸುತ್ತದೆ.

2018ರಿಂದ ಆರಂಭಿಸೋಣ. ಆ ವರ್ಷ ಶ್ರೀಲಂಕಾಕ್ಕೆ 23.3 ಲಕ್ಷ ವಿದೇಶಿ ಪ್ರವಾಸಿಗರು ಬಂದರು. ಅವರಿಂದ ದೇಶಕ್ಕೆ ಸುಮಾರು 438 ಕೋಟಿ ಡಾಲರ್ ಗಳಿಕೆಯಾಯಿತು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಮತ್ತು ಸಿದ್ಧ ಉಡುಪಿನ ರಫ್ತು, ಇವೆರಡರ ನಂತರ ಆ ದೇಶಕ್ಕೆ ಡಾಲರ್ ತರುವ ಮೂರನೆಯ ದೊಡ್ಡ ಮೂಲ ಪ್ರವಾಸೋದ್ಯಮವೇ. ಅರ್ಥಶಾಸ್ತ್ರದ ಲೆಕ್ಕದಲ್ಲಿ ಪ್ರವಾಸೋದ್ಯಮವೂ ರಫ್ತೇ ಆಗಿದೆ. ನುವಾರ ಎಲಿಯದ ಟೀ ಪುಡಿಯನ್ನು ಪೆಟ್ಟಿಗೆಯಲ್ಲಿ ತುಂಬಿ ಜರ್ಮನಿಗೆ ಕಳಿಸಿದರೂ, ಜರ್ಮನಿಯವರು ನುವಾರ ಎಲಿಯಕ್ಕೇ ಬಂದು ಅದೇ ಟೀ ಕುಡಿದು ಹಣ ಕೊಟ್ಟರೂ, ದೇಶದ ಹೊರವ್ಯವಹಾರದ ಲೆಕ್ಕವಾದ ಪಾವತಿ ಶಿಲ್ಕಿನ ಖಾತೆಯಲ್ಲಿ ಎರಡೂ ಬರುವುದು ಜಮೆಯ ಕಡೆಗೇ. ವ್ಯತ್ಯಾಸವಿರುವುದು ಒಂದು ಕಡೆ. ಪೆಟ್ಟಿಗೆ ಹಡಗಿನಲ್ಲಿ ತಾನಾಗಿ ಹೋಗುತ್ತದೆ, ದೇಶದೊಳಗೆ ಕರೆಂಟಿದೆಯೇ, ರಸ್ತೆಯಲ್ಲಿ ಗಲಾಟೆಯಿದೆಯೇ ಎಂದು ಅದು ಕೇಳುವುದಿಲ್ಲ. ಪ್ರವಾಸಿಗರು ಕೇಳುತ್ತಾರೆ. ಈ ಕೈಗಾರಿಕೆಯ ಶಕ್ತಿಯೂ ಅದರ ದೌರ್ಬಲ್ಯವೂ ಇಲ್ಲೇ ಇವೆ.

2019ರ ಏಪ್ರಿಲ್ 21ರಂದು, ಈಸ್ಟರ್ ಭಾನುವಾರ, ಚರ್ಚುಗಳಲ್ಲೂ ಕೊಲಂಬೊದ ದೊಡ್ಡ ಹೋಟೆಲುಗಳಲ್ಲೂ ಬಾಂಬುಗಳು ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಪ್ರವಾಸಿಗರ ಸಂಖ್ಯೆ 19 ಲಕ್ಷಕ್ಕೆ ಇಳಿಯಿತು. ವರ್ಷದ ಕೊನೆಗೆ ಹೊಸ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿ ತನ್ನ ಬೊಕ್ಕಸವನ್ನು ತಾನೇ ಬರಿದು ಮಾಡಿಕೊಂಡಿತು. ಅದರ ಹಿಂದೆಯೇ ಕೋವಿಡ್ ಬಂದು ವಿಮಾನ ನಿಲ್ದಾಣವೇ ಮುಚ್ಚಿತು. 2020ರಲ್ಲಿ ಬಂದವರು 5 ಲಕ್ಷ, 2021ರಲ್ಲಿ 2 ಲಕ್ಷಕ್ಕೂ ಕಡಿಮೆ. ವರ್ಷಕ್ಕೆ 438 ಕೋಟಿ ಡಾಲರ್ ಬರುತ್ತಿದ್ದ ಬಾಗಿಲಿನಿಂದ 2021ರಲ್ಲಿ ಬಂದದ್ದು ಸುಮಾರು 50 ಕೋಟಿ ಮಾತ್ರ. ಅದೇ ವರ್ಷ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಷೇಧಿಸಿದ್ದರಿಂದ ಭತ್ತದ ಇಳುವರಿ ಕುಸಿದು, ಅಕ್ಕಿಯನ್ನೂ ಡಾಲರ್ ಕೊಟ್ಟು ತರಿಸುವ ಪರಿಸ್ಥಿತಿ ಬಂತು. ಹೊರಗಿನ ಸಾಲದ ಕಂತುಗಳು ಮಾತ್ರ ಯಾರಿಗೂ ಕಾಯದೆ ಬರುತ್ತಲೇ ಇದ್ದವು.

ಇಂಥ ಹೊತ್ತಿನಲ್ಲಿ ವಿನಿಮಯ ದರವನ್ನು ಹೇಗೆ ನಡೆಸಿಕೊಂಡರು ಎಂಬುದು ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಳು. 2021ರ ಸೆಪ್ಟೆಂಬರ್‌ನಿಂದ 2022ರ ಮಾರ್ಚ್ ಮೊದಲ ವಾರದವರೆಗೆ ಶ್ರೀಲಂಕಾದ ಕೇಂದ್ರ ಬ್ಯಾಂಕು ಡಾಲರ್ ದರವನ್ನು 200ರಿಂದ 203 ರೂಪಾಯಿಗಳ ನಡುವೆ ಬಿಗಿಹಿಡಿದು ಕೂತಿತು. ಬ್ಯಾಂಕಿನ ಹೊರಗೆ, ಗೊತ್ತಿದ್ದವರ ಕೈಯಲ್ಲಿ, ಅದೇ ಡಾಲರಿಗೆ 240 ರೂಪಾಯಿಗೂ ಹೆಚ್ಚು ಸಿಗುತ್ತಿತ್ತು. ಡಾಲರ್ ಕೈಗೆ ಬಂದವರು ಏನು ಮಾಡುತ್ತಾರೆಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ. ದುಬೈ, ಕುವೈತ್‌ಗಳಲ್ಲಿ ದುಡಿಯುವವರು ಬ್ಯಾಂಕು ಬಿಟ್ಟು, ಅಲ್ಲಿನ ಜನ ಉಂಡಿಯಲ್ ಎನ್ನುವ, ನಮ್ಮ ಕಡೆ ಹವಾಲಾ ಎನ್ನುವ ದಾರಿ ಹಿಡಿದರು. 2020ರಲ್ಲಿ 710 ಕೋಟಿ ಡಾಲರ್ ಇದ್ದ ಈ ಒಳಹರಿವು 2021ರಲ್ಲಿ 549 ಕೋಟಿಗೂ 2022ರಲ್ಲಿ 379 ಕೋಟಿಗೂ ಕುಸಿಯಿತು. ಅವರೆಲ್ಲ ಕೆಲಸ ಕಳೆದುಕೊಂಡಿರಲಿಲ್ಲ, ಮನೆಗೆ ಹಣ ಕಳಿಸುವುದನ್ನೂ ನಿಲ್ಲಿಸಿರಲಿಲ್ಲ. ಹಣ ಅವರ ಮನೆಗೆ ತಲುಪುತ್ತಿತ್ತು, ದೇಶದ ಖಜಾನೆಗೆ ತಲುಪುತ್ತಿರಲಿಲ್ಲ.

ಪ್ರವಾಸೋದ್ಯಮದಲ್ಲೂ ಇದೇ ಆಯಿತು. ಕೊಲಂಬೊದ ಐದು ನಕ್ಷತ್ರದ ಹೋಟೆಲು ಕಾರ್ಡಿನಲ್ಲಿ ಹಣ ಪಡೆಯುತ್ತದೆ, ಆ ಡಾಲರ್ ಬ್ಯಾಂಕಿನೊಳಗೇ ಬರುತ್ತದೆ. ಆದರೆ ‘ಎಲ್ಲ’ ಎಂಬ ಊರು, ಮಿರಿಸ್ಸ, ಅರುಗಂ ಬೇ ಕಡೆಗಳಲ್ಲಿ ನಾಲ್ಕು ಕೋಣೆಯ ಅತಿಥಿಗೃಹ ನಡೆಸುವವರು, ದಿನದ ಬಾಡಿಗೆಗೆ ವ್ಯಾನು ಓಡಿಸುವವರು ನಗದು ಡಾಲರ್ ಪಡೆದರೆ ಅದನ್ನು 203 ರೂಪಾಯಿಗೆ ಬ್ಯಾಂಕಿಗೆ ಒಪ್ಪಿಸಲು ಯಾವ ಕಾರಣವಿತ್ತು? 2021ರ ಡಿಸೆಂಬರಿನಲ್ಲಿ ಕೇಂದ್ರ ಬ್ಯಾಂಕು ಹೊರಗಿನಿಂದ ದುಡಿಮೆಯ ಹಣ ಕಳಿಸುವವರಿಗೆ ಡಾಲರಿಗೆ 10 ರೂಪಾಯಿ ಹೆಚ್ಚಿಗೆ ಕೊಡುವ ಆಮಿಷ ಒಡ್ಡಿತು. 2022ರ ಆರಂಭದಲ್ಲಿ ನೋಂದಾಯಿತ ಹೋಟೆಲುಗಳು ವಿದೇಶಿಯರಿಂದ ವಿದೇಶಿ ಕರೆನ್ಸಿಯಲ್ಲೇ ಹಣ ಪಡೆಯಬೇಕೆಂದು ಆದೇಶಿಸಿತು. ದರವನ್ನೇ ಸರಿಪಡಿಸುವ ಬದಲು ದರದ ಸುತ್ತ ಬೇಲಿ ಹಾಕುವ ಪ್ರಯತ್ನಗಳು ಇವು. ಅದೇ 2022ರ ಜನವರಿಯಲ್ಲಿ, ಉಳಿದಿದ್ದ ಅಲ್ಪಸ್ವಲ್ಪ ಮೀಸಲಿನಿಂದ 50 ಕೋಟಿ ಡಾಲರ್ ತೆಗೆದು ವಿದೇಶಿ ಬಾಂಡ್‌ದಾರರಿಗೆ ಸಲ್ಲಿಸಲಾಯಿತು. ಔಷಧಿಗೆ, ಇಂಧನಕ್ಕೆ, ಹಾಲಿನಪುಡಿಗೆ ಬೇಕಾಗಿದ್ದ ಡಾಲರ್ ಅದು. ಆ ನಿರ್ಧಾರವನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

2022ರ ಮಾರ್ಚ್ 7ರಂದು ಕೇಂದ್ರ ಬ್ಯಾಂಕು ಹಿಡಿತ ಸಡಿಲಿಸಿತು. ಕೆಲವೇ ವಾರಗಳಲ್ಲಿ ಡಾಲರ್ 300 ರೂಪಾಯಿ ದಾಟಿತು, ಮೇ ಮಧ್ಯಭಾಗಕ್ಕೆ 360 ಮುಟ್ಟಿತು. ನಮ್ಮ ಒಂದು ರೂಪಾಯಿಗೆ 2.7 ಸಿಗುತ್ತಿದ್ದ ಶ್ರೀಲಂಕಾ ರೂಪಾಯಿ ಈಗ 4.6 ಸಿಗತೊಡಗಿತು. ಪಠ್ಯಪುಸ್ತಕದ ತರ್ಕಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಲಾರದು: ಎರಡು ತಿಂಗಳಲ್ಲಿ ಒಂದು ಇಡೀ ದೇಶ ವಿದೇಶಿಯರ ಪಾಲಿಗೆ ಸುಮಾರು ಅರ್ಧ ಬೆಲೆಗೆ ಬಂತು. ಮಾರ್ಚ್‌ನಲ್ಲಿ 1 ಲಕ್ಷ ದಾಟಿದ್ದ ಪ್ರವಾಸಿಗರ ಸಂಖ್ಯೆ ಮೇ ತಿಂಗಳಿಗೆ 30 ಸಾವಿರಕ್ಕೆ ಇಳಿಯಿತು.

ಮೇ ತಿಂಗಳು ಅಲ್ಲಿನ ದಕ್ಷಿಣ ಮತ್ತು ಪಶ್ಚಿಮ ಕರಾವಳಿಯಲ್ಲಿ ಮಳೆಯ ಕಾಲ, ಪ್ರವಾಸಿಗರು ಪ್ರತಿವರ್ಷವೂ ಕಡಿಮೆ ಇರುತ್ತಾರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ಸರಿ. ಆದರೆ 2018ರ ಮೇ ತಿಂಗಳಿನಲ್ಲೂ ಅದೇ ಮಳೆಯಿತ್ತು, ಆಗ ಬಂದವರು 1.25 ಲಕ್ಷಕ್ಕೂ ಹೆಚ್ಚು. ಉಕ್ರೇನ್ ಯುದ್ಧದಿಂದಾಗಿ ರಷ್ಯ, ಉಕ್ರೇನ್‌ಗಳಿಂದ ಬರುವವರು ಕಡಿಮೆಯಾದದ್ದೂ ನಿಜ. ಆದರೂ ಮುಖ್ಯ ಕಾರಣ ದೇಶದೊಳಗೇ ಇತ್ತು. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟು ಇರಲಿಲ್ಲ. ಪೆಟ್ರೋಲ್ ಬಂಕುಗಳ ಮುಂದೆ ವಾಹನಗಳ ಸಾಲು ಕಿಲೋಮೀಟರುಗಟ್ಟಲೆ ಬೆಳೆದು, ಜನ ರಾತ್ರಿಯೆಲ್ಲ ಆಟೊಗಳಲ್ಲೇ ಮಲಗುತ್ತಿದ್ದರು. ಏಪ್ರಿಲ್ 12ರಂದು ಸರ್ಕಾರ ಹೊರಗಿನ ಸಾಲ ತೀರಿಸಲಾಗದು ಎಂದು ಘೋಷಿಸಿತು. ಬ್ರಿಟನ್ ತನ್ನ ನಾಗರಿಕರಿಗೆ ತೀರಾ ಅಗತ್ಯವಿದ್ದರಷ್ಟೇ ಶ್ರೀಲಂಕಾಕ್ಕೆ ಹೋಗಿ ಎಂದು ಎಚ್ಚರಿಸಿತು. ಇಂಥ ಎಚ್ಚರಿಕೆ ಬಂದ ಮೇಲೆ ಸಾಮಾನ್ಯವಾಗಿ ಪ್ರವಾಸ ವಿಮೆ ಊರ್ಜಿತವಾಗುವುದಿಲ್ಲ, ವಿಮೆಯಿಲ್ಲದೆ ದೊಡ್ಡ ಪ್ರವಾಸ ಕಂಪನಿಗಳು ಗುಂಪುಗಳನ್ನು ಕಳಿಸುವುದಿಲ್ಲ. ಹೀಗೆ, ಕೋಣೆಯ ಬಾಡಿಗೆ ಎಷ್ಟೇ ಅಗ್ಗವಾದರೂ ಆ ಕೋಣೆಯವರೆಗೆ ತಲುಪುವ ದಾರಿಯೇ ಮುಚ್ಚಿಹೋಗಿತ್ತು.

2024ರ ಆರಂಭದಲ್ಲಿ ಮನೆಯವರೊಂದಿಗೆ ಕ್ಯಾಂಡಿಗೆ ಹೋದಾಗ ನಾವು ಇಳಿದುಕೊಂಡಿದ್ದ ಅತಿಥಿಗೃಹದ ಯಜಮಾನರು, ಅರವತ್ತು ದಾಟಿದ ತಮಿಳು ಮಾತಾಡುವ ಹಿರಿಯರು, ನಾನು ಅರ್ಥಶಾಸ್ತ್ರದ ಮೇಷ್ಟ್ರೆಂದು ತಿಳಿದ ಮೇಲೆ ತಮ್ಮ ಖಾತೆಯ ಪುಸ್ತಕವನ್ನೇ ತಂದು ಮುಂದಿಟ್ಟರು. ಉದ್ದನೆಯ, ಕೆಂಪು ಬಟ್ಟೆಯ ಬೆನ್ನಿನ ಪುಸ್ತಕ. ಎಡಪುಟದಲ್ಲಿ ಬಂದವರ ದೇಶ, ಉಳಿದ ರಾತ್ರಿಗಳು, ಕೊಟ್ಟ ಹಣ. ಬಲಪುಟದಲ್ಲಿ ಗ್ಯಾಸು, ಹಾಲಿನಪುಡಿ, ಜನರೇಟರಿನ ಡೀಸೆಲ್, ಅಗಸರ ಲೆಕ್ಕ. 2022ರ ಮೇ, ಜೂನ್ ತಿಂಗಳುಗಳ ಎಡಪುಟಗಳು ಹೆಚ್ಚುಕಡಿಮೆ ಖಾಲಿಯಿದ್ದವು, ಬಲಪುಟಗಳು ಮಾತ್ರ ತುಂಬಿದ್ದವು. ಬೆಂಗಳೂರಿನಲ್ಲಿ ಕಲಿತ ನನ್ನ ತಮಿಳಿನಲ್ಲಿ ನಾನು ಆ ಪುಟಗಳ ಬಗ್ಗೆ ಕೇಳಿದಾಗ ಅವರು ಹೇಳಿದ್ದು ಇಷ್ಟು: “ತಂಬಿ, ರೇಟು ಇಳಿಸಿದರೆ ಬರುತ್ತಾರೆಂದು ಇಳಿಸಿದೆ. ಬರಬೇಕಾದವರು ವಿಮಾನವನ್ನೇ ಹತ್ತಲಿಲ್ಲ.”

ಅವರ ಪುಸ್ತಕದಲ್ಲಿದ್ದ ಲೆಕ್ಕ ನಾನು ತರಗತಿಯಲ್ಲಿ ಹೇಳುವ ಯಾವ ಲೆಕ್ಕಕ್ಕಿಂತಲೂ ಸ್ಪಷ್ಟವಾಗಿತ್ತು. ರಾತ್ರಿಗೆ 8,000 ರೂಪಾಯಿ ಬಾಡಿಗೆಯ ಕೋಣೆ ಎಂದಿಟ್ಟುಕೊಳ್ಳೋಣ. ಡಾಲರಿಗೆ 200 ಇದ್ದಾಗ ಆ ಕೋಣೆಯಿಂದ ದೇಶಕ್ಕೆ ಬರುತ್ತಿದ್ದದ್ದು 40 ಡಾಲರ್. 360 ಆದಾಗ ಬರುವುದು 22 ಡಾಲರ್. ಮೊದಲಿನಷ್ಟೇ ಡಾಲರ್ ಬರಬೇಕಾದರೆ ಅತಿಥಿಗಳ ಸಂಖ್ಯೆ ಸುಮಾರು ಒಂದೂಮುಕ್ಕಾಲು ಪಟ್ಟಿಗಿಂತ ಹೆಚ್ಚಾಗಬೇಕು. ಹೆಚ್ಚಾಗದಿದ್ದರೆ, ಅಪಮೌಲ್ಯದಿಂದ ದೇಶದ ಡಾಲರ್ ಗಳಿಕೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಇತ್ತ ಖರ್ಚಿನ ಕಡೆ ನೋಡಿದರೆ, 2021ರ ಮಧ್ಯದಲ್ಲಿ 1,493 ರೂಪಾಯಿ ಇದ್ದ 12.5 ಕಿಲೋದ ಗ್ಯಾಸ್ ಸಿಲಿಂಡರ್ 2022ರ ಏಪ್ರಿಲ್‌ಗೆ 4,860 ಆಯಿತು. 2021ರ ಕೊನೆಗೆ ಲೀಟರಿಗೆ 177 ಇದ್ದ ಪೆಟ್ರೋಲು 2022ರ ಜೂನ್ ಕೊನೆಗೆ 470 ಆಯಿತು. ಅತಿಥಿಗೆ ಬಡಿಸುವ ಬೆಳಗಿನ ತಿಂಡಿಯಲ್ಲಿ ಗೋಧಿಹಿಟ್ಟು, ಬೆಣ್ಣೆ, ಹಾಲಿನಪುಡಿ, ಒಲೆ ಉರಿಸುವ ಗ್ಯಾಸು, ಎಲ್ಲವೂ ಹೊರಗಿನಿಂದ ಬಂದದ್ದೇ. ದ್ವೀಪರಾಷ್ಟ್ರದ ಪ್ರವಾಸೋದ್ಯಮ ಆಮದಿನ ಮೇಲೆ ನಿಂತಿರುವಾಗ ಅಪಮೌಲ್ಯದ ಲಾಭ ಒಂದು ಕೈಗೆ ಬಂದು ಇನ್ನೊಂದು ಕೈಯಿಂದ ಹೋಗುತ್ತದೆ.

ಇದೇ ಲೆಕ್ಕವನ್ನು ಇಡೀ ದೇಶಕ್ಕೆ ಹಾಕಿ ನೋಡಬಹುದು. 2018ರ ಗಳಿಕೆಯನ್ನು ಪ್ರವಾಸಿಗರ ಸಂಖ್ಯೆಯಿಂದ ಭಾಗಿಸಿದರೆ ತಲಾ ಸುಮಾರು 1,880 ಡಾಲರ್ ಆಗುತ್ತದೆ. 2024ರಲ್ಲಿ 20.5 ಲಕ್ಷ ಪ್ರವಾಸಿಗರಿಂದ ಬಂದದ್ದು 317 ಕೋಟಿ ಡಾಲರ್, ಅಂದರೆ ತಲಾ ಸುಮಾರು 1,540. ರೂಪಾಯಿಯಲ್ಲಿ ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. 2018ರ ಸರಾಸರಿ ದರವಾದ 162ರಲ್ಲಿ ಅದು 3 ಲಕ್ಷ ರೂಪಾಯಿ. 2024ರ ಸರಾಸರಿ ದರವಾದ 302ರಲ್ಲಿ 4.65 ಲಕ್ಷ ರೂಪಾಯಿ. ಒಂದೂವರೆ ಪಟ್ಟು ಹೆಚ್ಚಾಯಿತೆಂದು ಹಿಗ್ಗಬಹುದಾಗಿತ್ತು, ಆದರೆ ಅದೇ ಅವಧಿಯಲ್ಲಿ ದೇಶದೊಳಗಿನ ಬೆಲೆಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಡಾಲರಿನಲ್ಲೂ ಕಡಿಮೆ, ರೂಪಾಯಿಯ ಕೊಳ್ಳುವ ಶಕ್ತಿಯಲ್ಲೂ ಕಡಿಮೆ. ದೂರದ ಯುರೋಪಿನಿಂದ ಬಂದು ವಾರಗಟ್ಟಲೆ ಇರುವವರ ಪಾಲು ಇಳಿದು, ನಮ್ಮಂತೆ ಹತ್ತಿರದಿಂದ ಬಂದು ನಾಲ್ಕೈದು ದಿನಕ್ಕೆ ಹಿಂದಿರುಗುವವರ ಪಾಲು ಏರಿದ್ದೂ ಇದಕ್ಕೆ ಒಂದು ಕಾರಣವಿರಬೇಕು. ಹಾಗಾಗಿ “ಪ್ರವಾಸಿಗರು ಹಿಂದಿರುಗಿದರು” ಎಂಬ ತಲೆಬರಹ ನಿಜವಾದರೂ, ಬೆಳವಣಿಗೆಯ ದೃಷ್ಟಿಯಿಂದ ಅದು ಅರ್ಧ ಕಥೆ.

ಬೆಲೆಯನ್ನು ಯಾವ ಕರೆನ್ಸಿಯಲ್ಲಿ ಬರೆಯುತ್ತೇವೆ ಎಂಬುದೂ ಇಲ್ಲಿ ಮುಖ್ಯವಾಗುತ್ತದೆ. ಸಿಗಿರಿಯದ ಬಂಡೆ ಹತ್ತಲು ವಿದೇಶಿಯರಿಗೆ ಆ ವರ್ಷಗಳಲ್ಲಿ ಇದ್ದ ಶುಲ್ಕ 30 ಡಾಲರ್, ಸಾರ್ಕ್ ದೇಶಗಳವರಿಗೆ ಅದರ ಅರ್ಧ. ದರ ಡಾಲರಿನಲ್ಲಿದ್ದುದರಿಂದ ರೂಪಾಯಿ ಕುಸಿದರೂ ಆ ಟಿಕೆಟ್ ವಿದೇಶಿಯರಿಗೆ ಒಂದು ಕಾಸೂ ಅಗ್ಗವಾಗಲಿಲ್ಲ, ದೇಶಕ್ಕೂ ಒಂದು ಡಾಲರ್ ಕಡಿಮೆಯಾಗಲಿಲ್ಲ. ನಮ್ಮ ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೆ 2018ರಲ್ಲಿ ವಿದೇಶಿಯರ ಟಿಕೆಟನ್ನು 600 ರೂಪಾಯಿಗೆ ಏರಿಸಲಾಯಿತು. ಆಗಿನ ದರದಲ್ಲಿ ಅದು ಎಂಟೂವರೆ ಡಾಲರಿಗೂ ಹೆಚ್ಚು. ಡಾಲರಿಗೆ 85 ರೂಪಾಯಿ ಆದ ಮೇಲೆ ಏಳು ಡಾಲರ್. ಅಮೆರಿಕದಿಂದಲೋ ಫ್ರಾನ್ಸಿನಿಂದಲೋ ಹಂಪಿಯವರೆಗೆ ಬಂದವರು ಈ ಒಂದೂವರೆ ಡಾಲರಿನ ಉಳಿತಾಯ ನೋಡಿ ಬಂದವರಲ್ಲ. ಟಿಕೆಟನ್ನು ಡಾಲರಿನಲ್ಲೇ ನಿಗದಿ ಮಾಡಿ ಎಂದು ನಾನು ವಾದಿಸುತ್ತಿಲ್ಲ, ಅದಕ್ಕೆ ಅದರದೇ ಕಿರಿಕಿರಿಗಳಿವೆ. ಆದರೆ ರೂಪಾಯಿಯಲ್ಲಿ ಕಟ್ಟಿದ ಬೆಲೆಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ನಾವು ನಮಗರಿವಿಲ್ಲದೆ ರಿಯಾಯಿತಿ ಕೊಡುತ್ತಿರುತ್ತೇವೆ ಎಂಬುದಾದರೂ ಗೊತ್ತಿರಬೇಕು.

ಶ್ರೀಲಂಕಾ ಚೇತರಿಸಿಕೊಂಡ ಬಗೆಯಲ್ಲಿ ನನಗೆ ಕಾಣುವ ಪಾಠ ಇನ್ನೂ ಗಟ್ಟಿಯಾದದ್ದು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿ ಬಂದ ನಂದಲಾಲ್ ವೀರಸಿಂಘೆ ಅಧಿಕಾರ ವಹಿಸಿಕೊಂಡ ಮರುದಿನವೇ ನೀತಿ ಬಡ್ಡಿದರವನ್ನು ಒಮ್ಮೆಲೇ 7 ಶೇಕಡಾ ಅಂಶದಷ್ಟು ಏರಿಸಿದರು. ಸಾಲ ಮಾಡಿದವರಿಗೆ ಅದು ಕ್ರೂರವಾಗಿತ್ತು, ಸಣ್ಣ ಉದ್ದಿಮೆಗಳು ಎಷ್ಟೋ ಮುಚ್ಚಿದವು. ಆ ವರ್ಷ ಭಾರತ ಸುಮಾರು 400 ಕೋಟಿ ಡಾಲರಿನಷ್ಟು ನೆರವನ್ನು ಇಂಧನ, ಆಹಾರ, ಔಷಧಿ, ಸಾಲದ ರೂಪದಲ್ಲಿ ನೀಡಿತು. ಅದಿಲ್ಲದಿದ್ದರೆ ಏನಾಗುತ್ತಿತ್ತೆಂದು ಹೇಳುವುದು ಕಷ್ಟ. ಕ್ಯೂಆರ್ ಕೋಡ್ ಪಾಸಿನ ಮೂಲಕ ವಾರಕ್ಕಿಷ್ಟು ಲೀಟರ್ ಎಂದು ಇಂಧನ ಹಂಚುವ ವ್ಯವಸ್ಥೆ ಬಂದ ಮೇಲೆ ಬಂಕುಗಳ ಮುಂದಿನ ಸಾಲು ಕರಗಿತು, ಪ್ರವಾಸಿಗರಿಗೆ ಬೇರೆಯದೇ ಪಾಸು ಕೊಟ್ಟರು. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರಿನ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಶೇ 70ರ ಹತ್ತಿರವಿದ್ದ ಹಣದುಬ್ಬರ ಒಂದು ವರ್ಷದೊಳಗೆ ಒಂದಂಕಿಗೆ ಇಳಿಯಿತು.

ಪ್ರವಾಸಿಗರು ಹಿಂದಿರುಗಿದ್ದು ಇದಾದ ಮೇಲೆ. 2022ರಲ್ಲಿ 7.2 ಲಕ್ಷ, 2023ರಲ್ಲಿ 14.9 ಲಕ್ಷ, 2024ರಲ್ಲಿ 20.5 ಲಕ್ಷ. ಇದೇ ಅವಧಿಯಲ್ಲಿ ಡಾಲರಿನ ಬೆಲೆ 363ರಿಂದ 324ಕ್ಕೆ, ಅಲ್ಲಿಂದ 293ರ ಆಸುಪಾಸಿಗೆ ಇಳಿಯಿತು. ಅಂದರೆ ಶ್ರೀಲಂಕಾ ವಿದೇಶಿಯರಿಗೆ ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತಿತ್ತು, ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. 2022ರಲ್ಲಿ ಶೇ 7ಕ್ಕೂ ಹೆಚ್ಚು ಕುಗ್ಗಿದ್ದ ಆರ್ಥಿಕತೆ 2023ರಲ್ಲಿ ಶೇ 2.3ರಷ್ಟು ಕುಗ್ಗಿ, 2024ರಲ್ಲಿ ಶೇ 5ರಷ್ಟು ಬೆಳೆಯಿತು. ಭಾರತೀಯರಿಗೆ ವೀಸಾ ಶುಲ್ಕ ಮನ್ನಾ ಆದದ್ದು, ವಿಮಾನಗಳು ಹೆಚ್ಚಿದ್ದು ನೆರವಾದವು. 2024ರಲ್ಲಿ ಭಾರತದಿಂದ ಹೋದವರೇ 4 ಲಕ್ಷಕ್ಕೂ ಹೆಚ್ಚು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ, ಮೈಸೂರಿಗೆ ಕಾರಿನಲ್ಲಿ ಹೋಗುವುದಕ್ಕಿಂತ ಕಡಿಮೆ ಸಮಯ.

ಈ ಬೆಳವಣಿಗೆಯೆಲ್ಲ ಪ್ರವಾಸೋದ್ಯಮದ ಫಲ ಎಂದು ಹೇಳಿದರೆ ಅದೂ ಸರಿಯಾಗದು. ದರ ನಿಜವಾದ ಮಟ್ಟಕ್ಕೆ ಬಂದು, ಬ್ಯಾಂಕಿನ ದರಕ್ಕೂ ಹೊರಗಿನ ದರಕ್ಕೂ ಅಂತರ ಉಳಿಯದಾದಾಗ ದುಡಿಮೆಗಾರರ ಹಣ ಮತ್ತೆ ಬ್ಯಾಂಕಿನ ದಾರಿ ಹಿಡಿಯಿತು, 2024ರಲ್ಲಿ ಅದು 657 ಕೋಟಿ ಡಾಲರ್ ತಲುಪಿತು. ಪ್ರವಾಸೋದ್ಯಮದ ಗಳಿಕೆಗಿಂತ ಎರಡು ಪಟ್ಟು. ಜೊತೆಗೆ, ಸಾಲ ಮರುಹೊಂದಾಣಿಕೆಯ ಮಾತುಕತೆ ನಡೆಯುತ್ತಿದ್ದ ಕಾಲದಲ್ಲಿ ಹೊರಗಿನ ಹಲವು ಕಂತುಗಳನ್ನು ಕಟ್ಟದೆ ಇದ್ದುದರಿಂದ ಡಾಲರ್ ಉಳಿಯಿತು. ಖಾಸಗಿ ವಾಹನಗಳ ಆಮದನ್ನು 2020ರ ಮಾರ್ಚ್‌ನಿಂದ 2025ರ ಫೆಬ್ರವರಿಯವರೆಗೆ ತಡೆಹಿಡಿದಿದ್ದರು. ನಮ್ಮನ್ನು ಕ್ಯಾಂಡಿಯಿಂದ ನುವಾರ ಎಲಿಯಕ್ಕೆ ಕರೆದೊಯ್ದ ವ್ಯಾನಿನ ಸೀಟುಗಳಿಗೆ ಹೊಸ ಬಟ್ಟೆ ಹೊಲಿಸಿದ್ದರು, ಎಂಜಿನ್ನು ಮಾತ್ರ ಏರಿನಲ್ಲಿ ಉಸಿರುಗಟ್ಟುತ್ತಿತ್ತು. ಹೊಸ ವ್ಯಾನು ಕೊಳ್ಳಲು ದುಡ್ಡಿದ್ದರೂ ದೇಶದಲ್ಲಿ ವ್ಯಾನೇ ಇಲ್ಲ ಎಂದು ಚಾಲಕರು ಹೇಳಿದರು. 2023ರಲ್ಲಿ ಆ ದೇಶ, 1977ರ ನಂತರ ಮೊದಲ ಬಾರಿಗೆ, ಹೊರದೇಶಗಳೊಂದಿಗಿನ ಚಾಲ್ತಿ ಖಾತೆಯಲ್ಲಿ ಮಿಗತೆ ತೋರಿಸಿದ್ದರ ಹಿಂದೆ ಇಂಥ ಕಟ್ಟುಪಾಡುಗಳೂ ಇವೆ. ಆದರೂ ಪ್ರವಾಸಿಗರ ಡಾಲರಿಗೆ ಒಂದು ವಿಶೇಷ ಗುಣವಿದೆ: ಅದು ಉಡುಪಿನ ಕಾರ್ಖಾನೆಯ ಗೇಟಿನೊಳಗೆ ನಿಲ್ಲದೆ, ಎಲ್ಲ ಎಂಬ ಗುಡ್ಡದೂರಿನ ರೊಟ್ಟಿ ಅಂಗಡಿಯವರೆಗೆ, ತ್ರಿಂಕೋಮಲಿಯ ದೋಣಿಯವರವರೆಗೆ ಹರಿದು ಹೋಗುತ್ತದೆ. ಬೆಳವಣಿಗೆ ಜನರ ಕೈಗೆ ತಲುಪುವ ದಾರಿಗಳಲ್ಲಿ ಇದು ಚುರುಕಾದದ್ದು ಎಂಬ ನಂಬಿಕೆ ನನ್ನದು.

ಅಪಮೌಲ್ಯದಿಂದ ಪ್ರವಾಸೋದ್ಯಮ ಎಲ್ಲಿಯೂ ಬೆಳೆದಿಲ್ಲ ಎಂದೇನೂ ಅಲ್ಲ. ಐಸ್‌ಲ್ಯಾಂಡ್ ಅದಕ್ಕೆ ದೊಡ್ಡ ನಿದರ್ಶನ. 2008ರ ಅಕ್ಟೋಬರಿನಲ್ಲಿ ಅಲ್ಲಿನ ಮೂರು ದೊಡ್ಡ ಬ್ಯಾಂಕುಗಳು ಮುಳುಗಿದವು. ವರ್ಷದ ಆರಂಭದಲ್ಲಿ ಯೂರೊಗೆ 90ರ ಆಸುಪಾಸಿನಲ್ಲಿದ್ದ ಅಲ್ಲಿನ ಕರೆನ್ಸಿ ಕ್ರೋನಾ ವರ್ಷದ ಕೊನೆಗೆ 170ಕ್ಕೆ ಬಿತ್ತು. 2010ರಲ್ಲಿ 5 ಲಕ್ಷದಷ್ಟಿದ್ದ ವಿದೇಶಿ ಪ್ರವಾಸಿಗರು 2018ಕ್ಕೆ 23 ಲಕ್ಷ ಆದರು, ಅದೂ ಮೂರೂವರೆ ಲಕ್ಷ ಜನಸಂಖ್ಯೆಯ ದೇಶಕ್ಕೆ. ಮೀನುಗಾರಿಕೆಯನ್ನೂ ಹಿಂದಿಕ್ಕಿ ಪ್ರವಾಸೋದ್ಯಮ ಅಲ್ಲಿನ ಮೊದಲ ವಿದೇಶಿ ಗಳಿಕೆಯಾಯಿತು. ಶ್ರೀಲಂಕಾದಲ್ಲಿ ಆಗದ್ದು ಅಲ್ಲಿ ಏಕಾಯಿತು? ಐಸ್‌ಲ್ಯಾಂಡಿನಲ್ಲಿ ಬ್ಯಾಂಕುಗಳು ಮುಳುಗಿದವು, ಆದರೆ ಭೂಗರ್ಭದ ಬಿಸಿಯಿಂದಲೂ ನದಿಗಳಿಂದಲೂ ಬರುವ ಕರೆಂಟು ಒಂದು ದಿನವೂ ನಿಲ್ಲಲಿಲ್ಲ. ರಸ್ತೆ, ವಿಮಾನ ನಿಲ್ದಾಣ, ಆಸ್ಪತ್ರೆ ಎಲ್ಲ ಇದ್ದ ಹಾಗೇ ಇದ್ದವು. ಬಿದ್ದದ್ದು ಕರೆನ್ಸಿ ಮಾತ್ರ, ದೇಶ ನಡೆಯುತ್ತಿತ್ತು. ಹಾಗಾಗಿ ಅಗ್ಗದ ಬೆಲೆಯ ಆಕರ್ಷಣೆ ಕೆಲಸ ಮಾಡಲು ಅಲ್ಲಿ ಅವಕಾಶವಿತ್ತು.

ಆ ಕಥೆಗೆ ಇನ್ನೊಂದು ಮುಖವೂ ಇದೆ. ಪ್ರವಾಸಿಗರು ತಂದ ಯೂರೊ, ಡಾಲರುಗಳಿಂದಲೇ ಕ್ರೋನಾ ಬಲಗೊಳ್ಳುತ್ತಾ ಹೋಗಿ 2017ರ ಮಧ್ಯಭಾಗಕ್ಕೆ ಯೂರೊಗೆ 110ರ ಆಸುಪಾಸಿಗೆ ಬಂತು. ಮೀನು ರಫ್ತು ಮಾಡುವವರು ತಮ್ಮ ಗಳಿಕೆ ಕರಗುತ್ತಿದೆಯೆಂದು ದೂರಿದರು, ಪ್ರವಾಸಿಗರು ಊಟದ ಬಿಲ್ಲು ನೋಡಿ ಹೌಹಾರಿದರು, 2019ರ ಮಾರ್ಚ್‌ನಲ್ಲಿ ಅಗ್ಗದ ಟಿಕೆಟಿನ ವಾವ್ ಏರ್ ವಿಮಾನ ಸಂಸ್ಥೆ ಮುಚ್ಚಿದ ಮೇಲೆ ಬರುವವರ ಸಂಖ್ಯೆ ಇಳಿಯಿತು. ಪ್ರವಾಸೋದ್ಯಮ ತನ್ನ ಯಶಸ್ಸಿನಿಂದಲೇ ತನ್ನನ್ನು ತುಟ್ಟಿ ಮಾಡಿಕೊಳ್ಳುತ್ತದೆ, ಜೊತೆಗೆ ಉಳಿದ ರಫ್ತುಗಳನ್ನೂ ಹಿಂಡುತ್ತದೆ.

ಡಾಲರ್ ಬಂದರೂ ಉಳಿಯದ ಸ್ಥಿತಿ ನೋಡಬೇಕೆಂದರೆ ಮಾಲ್ಡೀವ್ಸ್ ಇದೆ. ಅಲ್ಲಿನ ರುಫಿಯಾವನ್ನು 2011ರಿಂದ ಡಾಲರಿಗೆ 15.42ರ ಮಿತಿಯಲ್ಲಿ ಕಟ್ಟಿಹಾಕಲಾಗಿದೆ. ಐಷಾರಾಮಿ ರೆಸಾರ್ಟುಗಳು ಡಾಲರಿನಲ್ಲೇ ಹಣ ಪಡೆಯುತ್ತವೆ, ಡಾಲರಿನಲ್ಲೇ ಆಹಾರ ತರಿಸುತ್ತವೆ, ಡಾಲರಿನಲ್ಲೇ ಹೊರಗಿನ ಮಾಲೀಕರಿಗೆ ಲಾಭ ಕಳಿಸುತ್ತವೆ. ರಾಜಧಾನಿ ಮಾಲೆಯ ಬ್ಯಾಂಕುಗಳಲ್ಲಿ ಮಾತ್ರ ಸಾಮಾನ್ಯ ಜನರಿಗೆ ಚಿಕಿತ್ಸೆಗೋ ಮಕ್ಕಳ ಓದಿಗೋ ಬೇಕಾದ ಡಾಲರ್ ಸಿಗುವುದು ದುಸ್ತರ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಪ್ರತಿ ಪ್ರವಾಸಿಯ ಲೆಕ್ಕದಲ್ಲಿ 500 ಡಾಲರನ್ನು ರೆಸಾರ್ಟುಗಳು ಸ್ಥಳೀಯ ಬ್ಯಾಂಕುಗಳಿಗೆ ಮಾರಲೇಬೇಕೆಂಬ ನಿಯಮ ತಂದಿತು. ಅದೇ ತಿಂಗಳು ನಮ್ಮ ರಿಸರ್ವ್ ಬ್ಯಾಂಕಿನಿಂದ 40 ಕೋಟಿ ಡಾಲರಿನ ಕರೆನ್ಸಿ ವಿನಿಮಯದ ನೆರವನ್ನೂ ಪಡೆಯಬೇಕಾಯಿತು.

ಇನ್ನು ನಮ್ಮ ವಿಷಯ. 2019ರಲ್ಲಿ ಡಾಲರಿಗೆ ಸರಾಸರಿ 70 ರೂಪಾಯಿ ಇದ್ದಾಗ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರು 1.09 ಕೋಟಿ. 2024ರಲ್ಲಿ ರೂಪಾಯಿ 84ರ ಆಸುಪಾಸಿನಲ್ಲಿದ್ದರೂ ಆ ಸಂಖ್ಯೆ 1 ಕೋಟಿಯನ್ನು ಮುಟ್ಟಲಿಲ್ಲ. ಇದೇ ಕಾಲದಲ್ಲಿ, ರೂಪಾಯಿ ದುರ್ಬಲವಾಗಿ ಹೊರದೇಶದ ಪ್ರವಾಸ ತುಟ್ಟಿಯಾಗಿದ್ದರೂ, ಭಾರತೀಯರು 2023–24ರಲ್ಲಿ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಪ್ರವಾಸಕ್ಕೆಂದೇ ಸುಮಾರು 1,700 ಕೋಟಿ ಡಾಲರ್ ಹೊರಗೆ ಒಯ್ದರು. ಎರಡೂ ದಿಕ್ಕಿನಲ್ಲಿ ಜನರ ನಡೆ ವಿನಿಮಯ ದರದ ಮಾತನ್ನು ಕೇಳಲಿಲ್ಲ. ಆದಾಯ, ವೀಸಾ, ವಿಮಾನ, ಸುರಕ್ಷತೆ, ಶುಚಿಯಾದ ಶೌಚಾಲಯ, ಇವುಗಳ ಮಾತನ್ನು ಕೇಳಿದರು.

ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿದ್ದ ಅಗ್ಗದ ಅತಿಥಿಗೃಹಗಳು ವಿದೇಶಿಯರು ವಾರಗಟ್ಟಲೆ ತಂಗುತ್ತಿದ್ದ ತಾಣಗಳಾಗಿದ್ದವು. ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಎದ್ದಿದ್ದ ಅವುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರ ಮಾರ್ಚ್‌ನಲ್ಲಿ ತೆರವುಗೊಳಿಸಲಾಯಿತು. ಸ್ಮಾರಕಗಳ ದೃಷ್ಟಿಯಿಂದ ಆ ತೀರ್ಪು ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ. ಆದರೆ ವಾರವಿಡೀ ಉಳಿಯುವವರಿಗೆ ಬದಲಿ ತಂಗುದಾಣಗಳನ್ನು ನಿಯಮದ ಚೌಕಟ್ಟಿನೊಳಗೇ ಸಾಣಾಪುರ, ಆನೆಗೊಂದಿ, ಕಮಲಾಪುರಗಳಲ್ಲಿ ಬೆಳೆಸುವ ಕೆಲಸ ಆ ತೀರ್ಪಿನ ಜೊತೆಜೊತೆಗೇ ಆಗಬೇಕಿತ್ತು. ಅಂಥವರು ಒಂದು ವಾರ ಉಳಿಯುತ್ತಾರೋ, ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದು ಸಂಜೆಯ ರೈಲಿಗೆ ಹೊರಟುಬಿಡುತ್ತಾರೋ ಎಂಬುದರ ಮೇಲೆ ಆ ಊರುಗಳ ಗಳಿಕೆ ನಿಂತಿದೆ, ಮತ್ತು ಅದನ್ನು ತೀರ್ಮಾನಿಸುವ ಅಧಿಕಾರ ಮುಂಬೈಯ ಕರೆನ್ಸಿ ಮಾರುಕಟ್ಟೆಗಿಂತ ಹೆಚ್ಚಾಗಿ ಬೆಂಗಳೂರಿನ ಪ್ರವಾಸೋದ್ಯಮ ಇಲಾಖೆಯ ಕೈಯಲ್ಲೂ ಹೊಸಪೇಟೆ, ಕೊಪ್ಪಳಗಳ ಜಿಲ್ಲಾಡಳಿತಗಳ ಕೈಯಲ್ಲೂ ಇದೆ.